ಕಲಾಯಿಯಿಂದ ಒಂದೇ ಅಣುವಿನ ಪದರದವರೆಗೆ: ನಮ್ಮ ವಿದ್ಯಾರ್ಥಿನಿಯೊಬ್ಬಳ ಪ್ರಾಜೆಕ್ಟ್ ಕುರಿತು



ಈ ಸಾಲಿನ ಅರ್ಜಿಗಳನ್ನು ಪರಿಶೀಲಿಸಲು ಚಾಮರಾಜನಗರದಲ್ಲಿ ಸೇರಿದ್ದಾಗ ಒಂದು ಅರ್ಜಿಯ ಬಗ್ಗೆ ಹೆಚ್ಚು ಹೊತ್ತು ಚರ್ಚೆಯಾಯಿತು. ಗುಂಡ್ಲುಪೇಟೆಯ ಹೆಣ್ಣುಮಗಳು, ಮೈಸೂರಿನಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದಾಳೆ. ಕಾಲೇಜಿನ ಶುಲ್ಕದ ಜೊತೆಗೆ ಪ್ರಾಜೆಕ್ಟಿನ ಖರ್ಚು ಹಾಗೂ ಬೇಸಿಗೆಯಲ್ಲಿ ಎರಡು ತಿಂಗಳು ಬೆಂಗಳೂರಿನಲ್ಲಿ ಉಳಿಯುವ ಖರ್ಚನ್ನೂ ಕೇಳಿದ್ದಳು. ಪ್ರಾಜೆಕ್ಟ್ ವಿಷಯ ಎಂಬಲ್ಲಿ ಬರೆದದ್ದು ಇಷ್ಟು: "ಅಲ್ಟ್ರಾಸೌಂಡ್ ನೆರವಿನಿಂದ ತಾಮ್ರದ ಮೇಲೆ ಅಣುಗಳ ತೆಳು ಪದರ ಕೂರಿಸುವುದು." ದಾನಿಯೊಬ್ಬರು ನಗುತ್ತಲೇ, "ಮನುಷ್ಯರಿಗೆ ಸ್ಕ್ಯಾನಿಂಗ್ ಮಾಡಿಸೋದು ಗೊತ್ತು, ತಾಮ್ರಕ್ಕೂ ಸ್ಕ್ಯಾನಿಂಗಾ?" ಎಂದು ಕೇಳಿದರು. ಹುಡುಗಿಯ ತಂದೆಗೂ ಸಮಾಧಾನವಿರಲಿಲ್ಲ. "ಬಿ.ಎಡ್. ಮಾಡಿಸಿದ್ರೆ ಊರಲ್ಲೇ ಕೆಲಸ ಸಿಗುತ್ತೆ ಮೇಷ್ಟ್ರೇ. ಲೋಹನ ನೀರಲ್ಲಿ ಅದ್ದಿ ಅಲ್ಲಾಡ್ಸೋದಕ್ಕೆ ಬೆಂಗಳೂರಿಗೆ ಹೋಗ್ಬೇಕಾ?" ಎಂಬುದು ಅವರ ಪ್ರಶ್ನೆ.

ನಾವೂ ಬಿ.ಎಡ್. ಮಾಡಿ ಜೀವನವಿಡೀ ಪಾಠ ಹೇಳಿದವರೇ, ಆ ದಾರಿಯನ್ನು ಹಗುರವಾಗಿ ಕಾಣುವವರಲ್ಲ. ಆದರೆ ಒಂದು ವಿಷಯ ನಮಗೆ ಅರ್ಥವಾಗಲಿಲ್ಲ ಎಂಬ ಕಾರಣಕ್ಕೆ ಅರ್ಜಿಯನ್ನು ಪಕ್ಕಕ್ಕಿಡುವುದು ನ್ಯಾಯವಲ್ಲ. ಕೊಟ್ಟ ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕೇಳುವ ಹಕ್ಕು ದಾನಿಗಳಿಗೂ ಇದೆ. ಅದಕ್ಕಾಗಿ ಈ ಬರಹ.

ಹುಡುಗಿಯ ದಾದಾ ಕಲಾಯಿ ಹಾಕುತ್ತಿದ್ದವರು. ಹಾಗಾಗಿ ಅಲ್ಲಿಂದಲೇ ಆರಂಭಿಸುವುದು ಸುಲಭ. ನಮ್ಮ ವಯಸ್ಸಿನವರಿಗೆಲ್ಲ ಕಲಾಯಿ ಸಾಬರ ನೆನಪಿರುತ್ತದೆ. ಬೀದಿಯ ಬದಿಯಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿಯೊತ್ತಿ ಬೆಂಕಿ ಎಬ್ಬಿಸುತ್ತಿದ್ದರು. ತಾಮ್ರದ ಹಂಡೆಯೋ ಮದುವೆ ಬಿರಿಯಾನಿಯ ದೇಗೋ, ಅದನ್ನು ಮೊದಲು ಹುಣಸೆಹುಳಿ, ಮರಳು ಹಾಕಿ ಉಜ್ಜುತ್ತಿದ್ದರು. ಪಾತ್ರೆ ಚೆನ್ನಾಗಿ ಕಾದ ಮೇಲೆ ನವಸಾಗರದ ಪುಡಿ ಚೆಲ್ಲಿದರೆ ಬಿಳಿ ಹೊಗೆ ಏಳುತ್ತಿತ್ತು. ಕೂಡಲೇ ತವರದ ಕಡ್ಡಿಯನ್ನು ಮುಟ್ಟಿಸಿ, ಕರಗಿದ ತವರವನ್ನು ಹತ್ತಿಯ ಉಂಡೆಯಿಂದ ಒರೆಸಿದರೆ ಕೆಂಪು ಪಾತ್ರೆ ಕನ್ನಡಿಯಂತೆ ಬೆಳ್ಳಗಾಗುತ್ತಿತ್ತು. ಮಕ್ಕಳಿಗೆ ಅದು ಜಾದೂ.

ಜಾದೂವಿನ ಒಳಗುಟ್ಟು ಹೀಗಿದೆ. ತಾಮ್ರವನ್ನು ಗಾಳಿಯಲ್ಲಿ ಕಾಯಿಸಿದರೆ ಅದರ ಮೇಲೆ ಆಕ್ಸೈಡಿನ ಕಪ್ಪು ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ತವರ ಹಿಡಿಯುವುದಿಲ್ಲ, ಹನಿಹನಿಯಾಗಿ ಉರುಳಿಹೋಗುತ್ತದೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಬಿಸಿ ತಾಗಿದಾಗ ಅದು ಒಡೆದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಆಕ್ಸೈಡನ್ನು ತಿಂದುಹಾಕುತ್ತದೆ. ಆ ಕ್ಷಣಕ್ಕೆ ಬರಿ ತಾಮ್ರ ತೆರೆದುಕೊಳ್ಳುತ್ತದೆ. 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ತವರ ಅದೇ ಗಳಿಗೆಯಲ್ಲಿ ತಾಮ್ರದೊಡನೆ ಬೆಸೆದುಕೊಳ್ಳುತ್ತದೆ. ಒಂದು ನಿಮಿಷ ತಡವಾದರೆ ಕೆಲಸ ಕೆಟ್ಟಂತೆ. ಕಲಾಯಿಯವರ ಕೈ ಅಷ್ಟು ಚುರುಕಾಗಿದ್ದುದು ಇದೇ ಕಾರಣಕ್ಕೆ. ಅವರಿಗೆ ಸೂತ್ರ ಗೊತ್ತಿರಲಿಲ್ಲ, ಆದರೆ ಮೇಲ್ಮೈ ಶುದ್ಧವಾಗದೆ ಲೇಪ ಕೂರುವುದಿಲ್ಲ ಎಂಬುದು ಗೊತ್ತಿತ್ತು. ಇಂದಿನ ಪ್ರಯೋಗಾಲಯದಲ್ಲೂ ಮೊದಲ ಪಾಠ ಅದೇ.

(ತವರಕ್ಕೆ ಸೀಸ ಬೆರೆಸಿ ಕಡಿಮೆ ಬೆಲೆಗೆ ಕಲಾಯಿ ಹಾಕುವವರೂ ಇದ್ದಾರೆ. ಸೀಸ ವಿಷ. ಮನೆಯಲ್ಲಿ ತಾಮ್ರ, ಹಿತ್ತಾಳೆ ಪಾತ್ರೆ ಬಳಸುವವರು ಶುದ್ಧ ತವರವೇ ಎಂದು ಕೇಳಿ ಹಾಕಿಸಿಕೊಳ್ಳಿ.)

ಕಲಾಯಿಯ ಪದರ ಕೆಲವು ಮೈಕ್ರಾನ್‌ನಿಂದ ಹತ್ತಾರು ಮೈಕ್ರಾನ್ ದಪ್ಪವಿರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ವಿದ್ಯಾರ್ಥಿನಿ ಕೂರಿಸಹೊರಟಿರುವ ಪದರದ ದಪ್ಪ ಸುಮಾರು 2 ನ್ಯಾನೋಮೀಟರ್. ಮೈಕ್ರಾನನ್ನು ಮತ್ತೆ ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಭಾಗ. ಇಂಥ ಸುಮಾರು 40,000 ಪದರಗಳನ್ನು ಒಂದರ ಮೇಲೊಂದು ಇಟ್ಟರೆ ತಲೆಗೂದಲಿನ ದಪ್ಪವಾದೀತು. ಇದಕ್ಕಿಂತ ತೆಳುವಾಗಿಸಲು ಸಾಧ್ಯವಿಲ್ಲ, ಏಕೆಂದರೆ ಇದು ಒಂದೇ ಒಂದು ಅಣುವಿನ ಎತ್ತರ.

ಈ ಅಣುಗಳು ಉದ್ದವಾದ ಕಡ್ಡಿಗಳಂತೆ. ಒಂದು ತುದಿಯಲ್ಲಿ ಗಂಧಕವಿದೆ, ಉಳಿದದ್ದು ಇಂಗಾಲದ ಬಾಲ. ಥಯಾಲ್ ಎಂದು ಇವುಗಳ ಹೆಸರು. ಗಂಧಕಕ್ಕೆ ಚಿನ್ನ, ಬೆಳ್ಳಿ, ತಾಮ್ರವೆಂದರೆ ಬಿಡದ ನಂಟು. ಬೆಳ್ಳಿಯ ಗೆಜ್ಜೆ ಕಪ್ಪಾಗುವುದೂ ಗಂಧಕದಿಂದಲೇ. ಥಯಾಲನ್ನು ಆಲ್ಕೋಹಾಲಿನಲ್ಲಿ ತೀರಾ ತೆಳ್ಳಗೆ ಬೆರೆಸಿ, ಶುದ್ಧಮಾಡಿದ ಲೋಹದ ತುಂಡನ್ನು ಅದರಲ್ಲಿ ಅದ್ದಿಟ್ಟರೆ ಗಂಧಕದ ತಲೆಗಳು ಲೋಹವನ್ನು ಕಚ್ಚಿಕೊಳ್ಳುತ್ತವೆ, ಬಾಲಗಳು ಒಂದಕ್ಕೊಂದು ಒತ್ತಿಕೊಂಡು ಹೊರಮುಖವಾಗಿ ನಿಲ್ಲುತ್ತವೆ. ಗದ್ದೆಯಲ್ಲಿ ನಾಟಿ ಮಾಡಿದ ಪೈರಿನಂತೆ. ವ್ಯತ್ಯಾಸವೆಂದರೆ ಇಲ್ಲಿ ನೆಡುವವರು ಯಾರೂ ಇಲ್ಲ, ಪೈರು ತಾನೇ ಬಂದು ಸಾಲಾಗಿ ನಿಲ್ಲುತ್ತದೆ. ನಯವಾದ ಒಂದು ಚದರ ಮೀಟರ್ ಮೇಲ್ಮೈಯನ್ನು ತುಂಬಲು ಸುಮಾರು 2 ಮಿಲಿಗ್ರಾಂ ಥಯಾಲ್ ಸಾಕು. 1983ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ನುಜ್ಜೊ ಮತ್ತು ಅಲ್ಲಾರಾ ಎಂಬಿಬ್ಬರು ಚಿನ್ನದ ಮೇಲೆ ಗಂಧಕವುಳ್ಳ ಅಣುಗಳು ಹೀಗೆ ಸಾಲುಗೂಡುವುದನ್ನು ತೋರಿಸಿಕೊಟ್ಟ ಮೇಲೆ ಈ ವಿದ್ಯೆ ಜಗತ್ತಿನಾದ್ಯಂತ ಬೆಳೆಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಚಿನ್ನದ ಮೇಲಿನ ಥಯಾಲ್ ಪದರಗಳನ್ನು ವಿದ್ಯುತ್ ಹಾಯಿಸಿ ಪರೀಕ್ಷಿಸುವ ಕೆಲಸ ನಡೆದಿದೆ.

ಆದರೆ ಒಂದೇ ಅಣುವಿನ ಪದರವನ್ನು ಮೊದಲು ಅಳತೆಗೆ ತಂದವರಲ್ಲಿ ಒಬ್ಬಾಕೆಗೆ ಕಾಲೇಜಿನ ಮೆಟ್ಟಿಲು ಹತ್ತುವ ಅವಕಾಶವೇ ಇರಲಿಲ್ಲ. ಆಗ್ನೆಸ್ ಪಾಕೆಲ್ಸ್ ಎಂಬ ಈ ಹೆಣ್ಣುಮಗಳು ಹುಟ್ಟಿದ್ದು 1862ರಲ್ಲಿ, ಬೆಳೆದದ್ದು ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ. ಆಗ ಅಲ್ಲಿ ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಮನೆಗೆಲಸ ಮಾಡಿಕೊಂಡು, ತಂದೆ-ತಾಯಿಯ ಆರೈಕೆ ಮಾಡಿಕೊಂಡು, ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡು ಹರಡುವುದನ್ನು ಗಮನಿಸುತ್ತಿದ್ದಳು. ತಗಡಿನ ಉದ್ದನೆಯ ತೊಟ್ಟಿಯೊಂದನ್ನು ಇಟ್ಟುಕೊಂಡು, ನೀರಿನ ಮೇಲೆ ತಗಡಿನ ಪಟ್ಟಿ ಸರಿಸುತ್ತ, ಎಣ್ಣೆಯ ಪದರ ಎಷ್ಟು ಹರಡಿದರೆ ನೀರಿನ ಎಳೆತ ಎಷ್ಟಾಗುತ್ತದೆ ಎಂದು ಅಳೆದಳು. ತಮ್ಮ ಭೌತಶಾಸ್ತ್ರ ಓದುತ್ತಿದ್ದ, ಪುಸ್ತಕಗಳನ್ನು ತಂದುಕೊಡುತ್ತಿದ್ದ. 1891ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ಅವರಿಗೆ ತಾನು ಕಂಡದ್ದನ್ನೆಲ್ಲ ಪತ್ರದಲ್ಲಿ ಬರೆದಳು. ರೇಲಿ ದೊಡ್ಡ ಮನಸ್ಸಿನವರು. ಆ ಪತ್ರವನ್ನು ಅನುವಾದ ಮಾಡಿಸಿ 'ನೇಚರ್' ಪತ್ರಿಕೆಗೆ ಕಳಿಸಿಕೊಟ್ಟರು, ಅದೇ ವರ್ಷ ಪ್ರಕಟವಾಯಿತು. ಆಕೆಯ ತೊಟ್ಟಿಯ ಮಾದರಿಯನ್ನೇ ಸುಧಾರಿಸಿ ಮುಂದೆ ಕೆಲಸ ಮಾಡಿದ ಅಮೆರಿಕದ ಲ್ಯಾಂಗ್‌ಮ್ಯೂರ್ ಅವರಿಗೆ 1932ರಲ್ಲಿ ನೊಬೆಲ್ ಬಂತು. ಅದೇ ವರ್ಷ ಆಗ್ನೆಸ್ ಅವರಿಗೂ ತಮ್ಮ ಊರಿನ ಸಂಸ್ಥೆಯಿಂದ ಗೌರವ ಡಾಕ್ಟರೇಟ್ ಬಂತು. ಆಗ ಅವರಿಗೆ 70 ವರ್ಷ.

ಇನ್ನು ಅಲ್ಟ್ರಾಸೌಂಡಿಗೆ ಬರೋಣ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಕಂಪಿಸುವ, ಮನುಷ್ಯರ ಕಿವಿಗೆ ಕೇಳದ ಧ್ವನಿಗೆ ಈ ಹೆಸರು. ಶಾಲೆಯ ಪುಸ್ತಕದಲ್ಲಿ ಶ್ರವಣಾತೀತ ಧ್ವನಿ ಎಂದು ಕಲಿಸುತ್ತೇವೆ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ಬಳಸುವುದು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳ ಮೆದುವಾದ ಧ್ವನಿ. ಅದರ ಕೆಲಸ ಒಳಗಿನ ಚಿತ್ರ ತೆಗೆಯುವುದು ಮಾತ್ರ. ಪ್ರಯೋಗಾಲಯದ್ದು ಬೇರೆ: ಸೆಕೆಂಡಿಗೆ ಸುಮಾರು 40,000 ಕಂಪನ, ಆದರೆ ಬಲ ಬಹಳ ಹೆಚ್ಚು. ಸ್ಟೀಲಿನ ತೊಟ್ಟಿಯ ತಳಕ್ಕೆ ವಿಶೇಷ ಬಿಲ್ಲೆಗಳನ್ನು ಅಂಟಿಸಿರುತ್ತಾರೆ, ವಿದ್ಯುತ್ ಕೊಟ್ಟಾಗ ಅವು ಕುಣಿಯುತ್ತವೆ. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಇದೇ ಗುಣ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಅಲ್ಲಿ ಹರಳಿಗೆ ಪೆಟ್ಟು ಬಿದ್ದಾಗ ಕಿಡಿ ಹಾರುತ್ತದೆ. ಇಂಥ ಪುಟ್ಟ ತೊಟ್ಟಿಗಳನ್ನು ಕನ್ನಡಕದ ಅಂಗಡಿಗಳಲ್ಲೂ ಒಡವೆ ಅಂಗಡಿಗಳಲ್ಲೂ ನೀವು ನೋಡಿರಬಹುದು. ಸರದ ಕೊಂಡಿಗಳ ಸಂದಿಯಲ್ಲಿ ಸೇರಿದ ಕೊಳೆ ಮೋಡದಂತೆ ಹೊರಬರುತ್ತದೆ.

ಕೊಳೆ ತೆಗೆಯುವುದು ಧ್ವನಿಯಲ್ಲ, ಗುಳ್ಳೆಗಳು. ಬಲವಾದ ಧ್ವನಿ ನೀರನ್ನು ಒಮ್ಮೆ ಒತ್ತುತ್ತದೆ, ಒಮ್ಮೆ ಹಿಗ್ಗಿಸುತ್ತದೆ. ಹಿಗ್ಗಿಸಿದಾಗ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟುತ್ತವೆ, ಒತ್ತಿದಾಗ ಅವು ಕುಸಿಯುತ್ತವೆ. ಕುಸಿಯುವ ಕ್ಷಣದಲ್ಲಿ ಗುಳ್ಳೆಯೊಳಗಿನ ಬಿಸಿ ಸಾವಿರಾರು ಡಿಗ್ರಿಗೂ ಒತ್ತಡ ಗಾಳಿಯ ಒತ್ತಡದ ನೂರಾರು ಪಟ್ಟಿಗೂ ಏರುತ್ತದೆ. ಜಾಗ ತೀರಾ ಸಣ್ಣದು, ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ, ಆದ್ದರಿಂದ ತೊಟ್ಟಿಯ ನೀರು ಕುದಿಯುವುದಿಲ್ಲ. ಲೋಹದ ಪಕ್ಕದಲ್ಲಿ ಕುಸಿದ ಗುಳ್ಳೆಯಾದರೆ ನೀರಿನ ಸೂಜಿಯಂಥ ಧಾರೆ ನೇರ ಲೋಹದತ್ತ ಚಿಮ್ಮುತ್ತದೆ. ಈ ಕುಸಿತದ ಒತ್ತಡವನ್ನು 1917ರಲ್ಲಿ ಲೆಕ್ಕ ಹಾಕಿದವರು ಅದೇ ಲಾರ್ಡ್ ರೇಲಿ. ಹಡಗುಗಳ ತಿರುಗುರೆಕ್ಕೆಗಳು ಸಮುದ್ರದಲ್ಲಿ ಏಕೆ ಗುಳಿಬಿದ್ದು ಸವೆಯುತ್ತವೆ ಎಂಬುದು ಆಗಿನ ಪ್ರಶ್ನೆ. ಅಡುಗೆಮನೆಯ ಪತ್ರಕ್ಕೆ ಬೆಲೆಕೊಟ್ಟವರೂ ಗುಳ್ಳೆಯ ಲೆಕ್ಕ ಮಾಡಿದವರೂ ಒಬ್ಬರೇ ಎಂಬುದು ನಮಗಂತೂ ಬಹಳ ಇಷ್ಟವಾದ ಸಂಗತಿ.

ನಮ್ಮ ರಾಜ್ಯಕ್ಕೂ ಅಲ್ಟ್ರಾಸೌಂಡಿನಲ್ಲಿ ಹಳೆಯ ಪಾಲಿದೆ. 1935-36ರಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರ ನಾಥ್ ಅವರು, ಈ ಧ್ವನಿ ಹಾಯುತ್ತಿರುವ ದ್ರವದೊಳಗೆ ಬೆಳಕು ಹೇಗೆ ಕವಲೊಡೆಯುತ್ತದೆ ಎಂಬುದನ್ನು ಸಾಲು ಲೇಖನಗಳಲ್ಲಿ ವಿವರಿಸಿದರು. ಇಂದಿಗೂ ಅದು ರಾಮನ್-ನಾಥ್ ಸಿದ್ಧಾಂತ ಎಂದೇ ಪ್ರಸಿದ್ಧ. ಲೇಖನಗಳು ಬಂದದ್ದು, ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ.

ಪದರ ತಾನೇ ಕೂರುತ್ತದೆ ಎಂದ ಮೇಲೆ ಅಲ್ಲಾಡಿಸುವುದು ಏಕೆ? ತಂದೆಯವರ ಪ್ರಶ್ನೆ ಸರಿಯಾದದ್ದೇ. ಅದ್ದಿದ ಕೆಲವು ನಿಮಿಷಗಳಲ್ಲೇ ಹೆಚ್ಚಿನ ಜಾಗ ತುಂಬಿಬಿಡುತ್ತದೆ, ನಿಜ. ಆದರೆ ಕೆಲವು ಅಣುಗಳು ಅಡ್ಡ ಮಲಗಿರುತ್ತವೆ, ಕೆಲವು ಓರೆಯಾಗಿ ನಿಂತಿರುತ್ತವೆ, ನಡುನಡುವೆ ತೂತುಗಳಿರುತ್ತವೆ. ಅವೆಲ್ಲ ಎದ್ದು ನಿಂತು ಒತ್ತೊತ್ತಾಗಲು ಗಂಟೆಗಟ್ಟಲೆ ಬೇಕು. ರಾತ್ರಿಯಿಡೀ ಅದ್ದಿಡುವುದು ಪ್ರಯೋಗಾಲಯಗಳ ವಾಡಿಕೆ. ತಾಮ್ರಕ್ಕೆ ಅಷ್ಟು ಹೊತ್ತು ಒಗ್ಗುವುದಿಲ್ಲ, ದ್ರಾವಣದಲ್ಲಿ ಕರಗಿರುವ ಆಮ್ಲಜನಕ ಅದನ್ನು ಅಷ್ಟರಲ್ಲಿ ಮತ್ತೆ ಆಕ್ಸೈಡ್ ಮಾಡತೊಡಗುತ್ತದೆ. ಚಿನ್ನಕ್ಕೆ ಈ ತೊಂದರೆ ಇಲ್ಲ. ಚಿನ್ನದ ಮೇಲೆ ಸುಲಭವಾದ ಕೆಲಸ ತಾಮ್ರದ ಮೇಲೆ ಕಷ್ಟವಾಗುವುದು ಇಲ್ಲಿಯೇ.

ಅಲ್ಟ್ರಾಸೌಂಡ್ ಮೂರು ಹಂತದಲ್ಲಿ ಕೈಜೋಡಿಸುತ್ತದೆ. ಅದ್ದುವ ಮೊದಲು ಲೋಹದ ಜಿಡ್ಡು, ಧೂಳು ಬಿಡಿಸುತ್ತದೆ. ಹುಣಸೆಹುಳಿ, ಮರಳು ಮಾಡುತ್ತಿದ್ದ ಕೆಲಸವಿದು. ಅದ್ದಿರುವಾಗ ಅದರ ಪಾತ್ರ ಹೆಚ್ಚು ಸೂಕ್ಷ್ಮ. ಎಷ್ಟೇ ಕಲಕಿದರೂ ಲೋಹಕ್ಕೆ ಅಂಟಿದಂತೆ ದ್ರವದ ಒಂದು ತೆಳುಪದರ ಅಲುಗಾಡದೆ ನಿಂತಿರುತ್ತದೆ, ಅಣುಗಳು ಅದನ್ನು ತೆವಳಿಕೊಂಡು ದಾಟಬೇಕು. ಗುಳ್ಳೆಗಳ ಧಾರೆ ಆ ನಿಂತ ಪದರವನ್ನು ತೆಳುವಾಗಿಸಿ ಹೊಸ ಅಣುಗಳನ್ನು ಲೋಹದ ಹತ್ತಿರಕ್ಕೆ ತಂದುಹಾಕುತ್ತದೆ. ಸಡಿಲವಾಗಿ ಕೂತವುಗಳನ್ನು ಎಬ್ಬಿಸಿ ಜಾಗ ಬಿಡಿಸುತ್ತದೆ. ರಾಗಿ ಅಳೆಯುವಾಗ ಸೇರನ್ನು ಕುಲುಕಿದರೆ ಇನ್ನೊಂದು ಹಿಡಿ ಹಿಡಿಸುತ್ತದಲ್ಲ, ಹಾಗೆ. ಕೊನೆಗೆ ಹೊರತೆಗೆದ ತುಂಡನ್ನು ಶುದ್ಧ ಆಲ್ಕೋಹಾಲಿನಲ್ಲಿಟ್ಟು ಮತ್ತೊಮ್ಮೆ ಅಲ್ಲಾಡಿಸುತ್ತಾರೆ. ಮೇಲೆ ಸುಮ್ಮನೆ ಕೂತಿದ್ದ ಅಣುಗಳೆಲ್ಲ ಬಿದ್ದುಹೋಗುತ್ತವೆ, ಗಂಧಕದ ಬಂಧದಿಂದ ಕಚ್ಚಿಕೊಂಡವು ಮಾತ್ರ ಉಳಿಯುತ್ತವೆ. ಇದು ತೊಳೆಯುವುದೂ ಹೌದು, ಪರೀಕ್ಷೆಯೂ ಹೌದು.

ಅತಿಯಾದರೆ ಕೆಡುತ್ತದೆ. ಅಲ್ಯೂಮಿನಿಯಂ ಫಾಯಿಲಿನ ಚೂರೊಂದನ್ನು ಈ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಸಣ್ಣ ತೂತುಗಳು ಬೀಳುತ್ತವೆ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಎಲ್ಲ ಕಡೆ ಮಾಡುವ ಪರೀಕ್ಷೆಯೇ ಇದು. ತಾಮ್ರವೂ ಮೆದು ಲೋಹ. ಬಲ ಹೆಚ್ಚಾದರೆ ಮೇಲ್ಮೈ ಗುಳಿಬೀಳುತ್ತದೆ. ದ್ರಾವಣದಲ್ಲಿ ನೀರಿದ್ದರೆ ಗುಳ್ಳೆಯ ಬಿಸಿಗೆ ನೀರಿನ ಅಣುವೇ ಒಡೆದು ತಾಮ್ರವನ್ನು ಆಕ್ಸೈಡ್ ಮಾಡುವ ಪದಾರ್ಥಗಳು ಹುಟ್ಟುತ್ತವೆ. ಹಾಗಾಗಿ ಎಷ್ಟು ಬಲ, ಎಷ್ಟು ನಿಮಿಷ, ಯಾವ ದ್ರಾವಣ ಎಂಬುದನ್ನು ಒಂದೊಂದಾಗಿ ಬದಲಾಯಿಸಿ ನೋಡಲೇಬೇಕು. ಹುಡುಗಿಯ ಪ್ರಾಜೆಕ್ಟ್ ಎಂದರೆ ಇದೇ. ಒಂದೇ ಅಳತೆಯ ತಾಮ್ರದ ತುಂಡುಗಳಲ್ಲಿ ಕೆಲವನ್ನು ಸುಮ್ಮನೆ ಅದ್ದುವುದು, ಕೆಲವನ್ನು ಅಲ್ಟ್ರಾಸೌಂಡಿನಲ್ಲಿ ಅದ್ದುವುದು, ಆಮೇಲೆ ಎಲ್ಲವನ್ನೂ ಒಂದೇ ರೀತಿ ಪರೀಕ್ಷಿಸುವುದು. ಒಂದು ಪರೀಕ್ಷೆ ನೀರಿನ ಹನಿಯದು. ಪದರ ಒತ್ತಾಗಿದ್ದರೆ ಹನಿ ಹರಡದೆ ಕೆಸುವಿನ ಎಲೆಯ ಮೇಲಿನಂತೆ ಉಬ್ಬಿ ನಿಲ್ಲುತ್ತದೆ. ಇನ್ನೊಂದು ಉಪ್ಪುನೀರಿನದು. ಪದರದಲ್ಲಿ ತೂತು ಎಲ್ಲಿದೆಯೋ ಅಲ್ಲಿಂದಲೇ ತಾಮ್ರ ಕೊರೆಯತೊಡಗುತ್ತದೆ. ತುಂಡಿಗೆ ಸಣ್ಣ ವಿದ್ಯುತ್ ಕೊಟ್ಟು ಅದನ್ನು ಅಳೆಯಬಹುದು. ಈ ಅಳತೆಯ ಉಪಕರಣ ಬೇಕಾಗಿಯೇ ಬೆಂಗಳೂರು.

ಇದರಿಂದ ಏನುಪಯೋಗ ಎಂಬ ಪ್ರಶ್ನೆಗೆ ಉತ್ಪ್ರೇಕ್ಷೆ ಬೇಡ. ಈ ಪದರ ಕಲಾಯಿಗೆ ಬದಲಿ ಅಲ್ಲ. ದೇಗಿನ ಸೌಟು ಒಂದು ಸಲ ಗೀರಿದರೆ ಎರಡು ನ್ಯಾನೋಮೀಟರ್ ಉಳಿಯುವುದಿಲ್ಲ, ಥಯಾಲ್ ಅಡುಗೆಯ ಪಾತ್ರೆಗೆ ಹೋಗುವ ವಸ್ತುವೂ ಅಲ್ಲ. ಬಿರಿಯಾನಿಗೆ ಕಲಾಯಿಯೇ ಸರಿ. ಆದರೆ ಸೌಟು ತಾಗದ ಜಾಗಗಳು ಬಹಳವಿವೆ. ಎಲೆಕ್ಟ್ರಾನಿಕ್ ಬೋರ್ಡ್‌ಗಳ ತಾಮ್ರದ ಗೆರೆಗಳು ಬೆಸುಗೆಗೆ ಮುಂಚೆ ಕಪ್ಪಾಗದಿರಲಿ ಎಂದು ಕಾರ್ಖಾನೆಗಳು ಈಗಾಗಲೇ ಸಾವಯವ ಅಣುಗಳ ತೆಳುಲೇಪ ಕೊಡುತ್ತವೆ. ಮುರಿದ ಮೂಳೆಗೆ ಹಾಕುವ ಟೈಟಾನಿಯಂ ಮೇಲೆ ಗಂಧಕದ ಬದಲು ರಂಜಕದ ತಲೆಯುಳ್ಳ ಅಣುಗಳನ್ನು ಕೂರಿಸಿ, ಜೀವಕೋಶಗಳು ಚೆನ್ನಾಗಿ ಹಿಡಿದುಕೊಳ್ಳುವಂತೆ ಮಾಡುವ ಸಂಶೋಧನೆಗಳಿವೆ. ರಕ್ತದಲ್ಲಿನ ಅಂಶಗಳನ್ನು ಗುರುತಿಸುವ ಸಂವೇದಕಗಳಲ್ಲಿ ಚಿನ್ನದ ಮೇಲೆ ಇಂಥ ಪದರವೇ ಅಡಿಪಾಯ. ತುಕ್ಕು ತಡೆಯುವ ವಿದ್ಯೆಗೆ ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆಯೇ ಇದೆ. ಇವೆಲ್ಲ ಎಂ.ಎಸ್ಸಿ. ಮುಗಿಸಿದವರು ಹೋಗಬಹುದಾದ ಬಾಗಿಲುಗಳು. ಬಿ.ಎಡ್. ಬಾಗಿಲೂ ಮುಚ್ಚುವುದಿಲ್ಲ. ಎಂ.ಎಸ್ಸಿ. ಆದಮೇಲೂ ಮಾಡಬಹುದು, ಒಳ್ಳೆಯ ವಿಜ್ಞಾನ ಮೇಡಂ ಒಬ್ಬರು ಸಿಕ್ಕರೆ ನಮ್ಮ ಊರಿನ ಪ್ರೌಢಶಾಲೆಗಳಿಗೂ ಲಾಭವೇ. ಬೇಸಿಗೆಯ ಎರಡು ತಿಂಗಳ ಖರ್ಚನ್ನೂ ಸೇರಿಸಿ ಅರ್ಜಿ ಮಂಜೂರು ಮಾಡಬೇಕೆಂದು ನಾವು ಶಿಫಾರಸು ಬರೆದಿದ್ದೇವೆ.

ಪ್ರಯೋಗಾಲಯಕ್ಕೆ ಮಕ್ಕಳನ್ನು ಕಳಿಸುವ ಮನೆಯವರು ಕೇಳುವ ಸುರಕ್ಷತೆಯ ಮಾತಿಗೂ ಉತ್ತರ ಕೊಡಬೇಕು. ಥಯಾಲ್‌ಗೆ ಕೆಟ್ಟ ವಾಸನೆ ಇರುತ್ತದೆ, ಆದ್ದರಿಂದ ಗಾಳಿ ಹೊರಗೆಳೆಯುವ ಗೂಡಿನೊಳಗೇ ಅದನ್ನು ಬಳಸಬೇಕು. ಮಗಳು ಮನೆಗೆ ಬಂದಾಗ ಬಟ್ಟೆ ವಾಸನೆ ಹೊಡೆದರೆ ಆ ಗೂಡು ಸರಿಯಿದೆಯೇ ಎಂದು ಕೇಳಿ. ಆಲ್ಕೋಹಾಲ್ ಬೆಂಕಿ ಹತ್ತುವ ವಸ್ತು. ಅದನ್ನು ತೊಟ್ಟಿಗೆ ನೇರವಾಗಿ ಸುರಿಯುವಂತಿಲ್ಲ, ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟು ತೊಟ್ಟಿಯ ನೀರಿನಲ್ಲಿ ಇಳಿಸಬೇಕು. ಯಂತ್ರ ನಡೆಯುತ್ತಿರುವಾಗ ನೀರಿಗೆ ಬೆರಳು ಹಾಕಬಾರದು.

ಬಿ.ಎಸ್ಸಿ., ಎಂ.ಎಸ್ಸಿ. ಓದುತ್ತಿರುವ ಉಳಿದ ಮಕ್ಕಳಿಗೂ ಒಂದು ಸೂಚನೆ. ಮೇಲೆ ಹೇಳಿದ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದವರು ಬೇಸಿಗೆಯಲ್ಲಿ ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು, ಭತ್ಯೆಯೂ ಸಿಗುತ್ತದೆ. ಅರ್ಜಿಗಳನ್ನು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಆನ್‌ಲೈನ್ ಮೂಲಕ ಕರೆಯುತ್ತಾರೆ. ಕಾಲೇಜಿನ ಅಧ್ಯಾಪಕರೊಬ್ಬರ ಶಿಫಾರಸು ಬೇಕಾಗುವುದರಿಂದ ದಸರಾ ರಜೆಗೆ ಮುಂಚೆಯೇ ಅವರ ಬಳಿ ಮಾತನಾಡಿಡಿ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥದೇ ಬೇಸಿಗೆ ಅವಕಾಶ ಕೊಡುತ್ತದೆ. ನಮ್ಮ ಟ್ರಸ್ಟ್‌ಗೆ ಅರ್ಜಿ ಹಾಕುವಾಗ ಪ್ರಾಜೆಕ್ಟಿನ ಖರ್ಚನ್ನು ಕಾಲೇಜು ಶುಲ್ಕದೊಂದಿಗೆ ಕೂಡಿಸದೆ ಬೇರೆ ಸಾಲಿನಲ್ಲಿ ಬರೆಯಿರಿ, ಮತ್ತು ಪ್ರಾಜೆಕ್ಟ್ ಏನೆಂಬುದನ್ನು ನಿಮ್ಮ ಮನೆಯ ಹಿರಿಯರಿಗೆ ಅರ್ಥವಾಗುವ ಕನ್ನಡದಲ್ಲಿ ಹತ್ತು ಸಾಲು ಬರೆದು ಲಗತ್ತಿಸಿ.